ಉದುರಿದ ಎಲೆ ಸುಡಲು ಅನುಮತಿ ಸಿಗುತ್ತದೆಯೇ?

ಮಳೆಮರ: ಜಯನಗರದಲ್ಲಿ ಹೊಂಗೆ ಎಲೆ ಉದುರುವ ಕಾಲ. ಸ್ವಂತ ಸೈಟಿನೊಳಗೆ ಸುಡಲು ವಾರ್ಡ್ ಕಚೇರಿಯಲ್ಲಿ ಅನುಮತಿ ಚೀಟಿ ಕೊಡುತ್ತಾರಾ? ಬೆಳಗಿನ ಆರಕ್ಕೇ ಮುಗಿಸಿದರೆ ಯಾರಿಗೂ ತೊಂದರೆಯಿಲ್ಲ.

ಕಲಂಓದಿ: ಅಂಥ ಚೀಟಿ ಇಲ್ಲ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ 4ನೆಯದು ಕಸ ಎಸೆಯಬಾರದು, ಸುಡಬಾರದು, ಹೂಳಬಾರದು ಎನ್ನುತ್ತಿತ್ತು. ತೋಟದ ಕಸವನ್ನು ಬೇರೆ ಇಟ್ಟು ಪಾಲಿಕೆ ಹೇಳಿದಂತೆ ವಿಲೇವಾರಿ ಮಾಡಬೇಕು ಎಂದೂ ಇತ್ತು.

ಹಿತ್ತಲಗಿಡ: ಅರ್ಧ ಓದಿ ಹೆದರಿಸಬೇಡಿ. ಅಲ್ಲಿದ್ದದ್ದು ಬೀದಿ, ತನ್ನ ಆವರಣದ ಹೊರಗಿನ ಸಾರ್ವಜನಿಕ ಜಾಗ, ಚರಂಡಿ, ಜಲಮೂಲ. ಕಾಂಪೌಂಡಿನ ಒಳಗೆ ಅಂತ ಎಲ್ಲಿತ್ತು?

ಕಲಂಓದಿ: 2016ರ ಡಿಸೆಂಬರ್‌ನಲ್ಲಿ ಅಲ್ಮಿತ್ರಾ ಪಟೇಲ್ ಹೂಡಿದ ಕಸ ವಿಲೇವಾರಿ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಆದೇಶ ಕೊಟ್ಟಿದೆ. ಬಯಲಲ್ಲಿ ಕಸ ಸುಡುವುದು ಪೂರ್ತಿ ನಿಷೇಧ. ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ ದಂಡ, ರಾಶಿ ಸುಟ್ಟರೆ 25,000.

ಹಿತ್ತಲಗಿಡ: "ಬಯಲಲ್ಲಿ" ಅಂದಿರಲ್ಲ, ಅಷ್ಟು ಸಾಕು. ಬಚ್ಚಲೊಲೆ ಬಯಲಲ್ಲ. ಹಂಡೆ ಕಾಯಿಸಲು ಸೋಗೆ, ಮಟ್ಟೆ, ಒಣ ಎಲೆ ಹಾಕಿದರೆ ಅದು ಉರುವಲು, ಕಸವಲ್ಲ. 1981ರ ವಾಯು ಕಾಯ್ದೆಯ 19(5) ಕೂಡ "ಉರುವಲಲ್ಲದ ವಸ್ತು"ವನ್ನು ಸುಡುವ ಬಗ್ಗೆಯೇ ಹೇಳುವುದು.

ಕಲಂಓದಿ: ಎರಡು ಗೆರೆ ಮೇಲಕ್ಕೆ ಹೋಗಿ 19(3) ನೋಡಿ. ಅನುಮೋದಿತವಲ್ಲದ ಉರುವಲನ್ನೂ ಸರ್ಕಾರ ನಿಷೇಧಿಸಬಹುದು.

ಹಿತ್ತಲಗಿಡ: "ಬಹುದು"! ಬಚ್ಚಲೊಲೆ ನಿಷೇಧಿಸಿದ ಅಧಿಸೂಚನೆ ತೋರಿಸಿ, ಆಮೇಲೆ ಮಾತಾಡೋಣ.

ಕಲಂಓದಿ: ಪ್ರಶ್ನೆ ಸೈಟಿನ ಬೆಂಕಿಯದು, ಒಲೆಯದಲ್ಲ. ನೀವೇ ಒಲೆಗೆ ಎಳೆದು ಈಗ ಅದಕ್ಕೇ ಅಧಿಸೂಚನೆ ಕೇಳುತ್ತೀರಿ.

ಗೊಬ್ಬರಗುಂಡಿ: ಒಲೆ ಅನ್ನುವವರು ಎಲೆ ತುರುಕಿದಾಗ ಏನಾಗುತ್ತದೆ ನೋಡಿದ್ದೀರಾ? ಮಟ್ಟೆಯ ಸಂದಿಯಲ್ಲಿ ಗಾಳಿ ಆಡುತ್ತದೆ, ಉರಿಯುತ್ತದೆ. ಎಲೆ ಒಂದರ ಮೇಲೊಂದು ಅಂಟಿ ಕೂರುತ್ತದೆ, ಉರಿ ಹತ್ತದೆ ಕಮರುತ್ತದೆ. ದಟ್ಟ ಹೊಗೆ ಬರುವುದು ಆಗಲೇ. ಇನ್ನು ಬೆಳಗಿನ ಆರು ಗಂಟೆ: ಜನವರಿಯಲ್ಲಿ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಪದರ. ಹೊಗೆ ಮೇಲೇರದೆ ಪಕ್ಕದ ಮನೆ ಕಿಟಕಿಗೇ ಹೋಗುತ್ತದೆ. ಅದಕ್ಕಿಂತ ಕೆಟ್ಟ ಹೊತ್ತಿಲ್ಲ.

ಹಿತ್ತಲಗಿಡ: ಮಟ್ಟೆ ಉರಿಯುತ್ತದೆ ಎಂದು ನೀವೇ ಒಪ್ಪಿದಿರಿ. ನನ್ನ ವಾದ ಅಷ್ಟೇ.

ಮಳೆಮರ: ಒಲೆ ಬಿಡಿ. ಎಲೆ ಏನು ಮಾಡಲಿ?

ಗೊಬ್ಬರಗುಂಡಿ: 13 ಅಡಿ ಕೋಳಿಬಲೆ ದುಂಡಗೆ ಕಟ್ಟಿ, ನಾಲ್ಕಡಿ ಅಗಲದ ಗೂಡಾಗುತ್ತದೆ. ಒಂದಡಿ ಎಲೆ, ಎರಡಂಗುಲ ಹಸಿ ಹುಲ್ಲು, ಅದರ ಮೇಲೆ ಅರ್ಧ ಬಕೆಟ್ ಸಗಣಿ ಬಗ್ಗಡ. ಹೀಗೇ ತುಂಬುತ್ತಾ ಹೋಗಿ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು. ನೀರು ಹೆಚ್ಚಾದರೆ ನಾರುತ್ತದೆ. ಬರೀ ಎಲೆ ಪೇರಿಸಬೇಡಿ, ಸಾರಜನಕ ಸಾಲದೆ ವರ್ಷವಾದರೂ ಹಾಗೇ ಇರುತ್ತದೆ. ಮಾವು, ಹಲಸಿನ ಎಲೆಯನ್ನು ತುಂಡು ಮಾಡಿ ಹಾಕಿ. 15 ದಿನಕ್ಕೊಮ್ಮೆ ಮಗುಚಿ. ಮೂರು ನಾಲ್ಕು ತಿಂಗಳಿಗೆ ಗೊಬ್ಬರ.

ಹಿತ್ತಲಗಿಡ: ನಾಲ್ಕು ತಿಂಗಳು! 30x40 ಸೈಟಿನಲ್ಲಿ ಗೂಡು ಇಡುವುದೆಲ್ಲಿ? ಬೀದಿ ಗುಡಿಸುವವರೇ ಮೂಲೆಯಲ್ಲಿ ಸುಡುತ್ತಾರೆ, ಮೊದಲು ಅವರನ್ನು ಕೇಳಿ.

ಕಲಂಓದಿ: ಕೇಳಲು 2016ರ ನಿಯಮಗಳಲ್ಲೇ ದಾರಿಯಿತ್ತು. ಗುಡಿಸಿದ ಎಲೆ ಸುಡದಂತೆ ಅವರಿಗೆ ನಿರ್ದೇಶಿಸುವುದು 15ನೇ ನಿಯಮದ ಪ್ರಕಾರ ಪಾಲಿಕೆಯದೇ ಹೊಣೆಯಾಗಿತ್ತು. ಅವರು ಸುಟ್ಟರೆಂದು ನಿಮಗೆ ಹಕ್ಕು ಬರುವುದಿಲ್ಲ.

ಹಿತ್ತಲಗಿಡ: ಹಕ್ಕು ಅಂದವರು ನೀವು. ನಾನು ಕೇಳಿದ್ದು ಬಚ್ಚಲೊಲೆಯ ಅಧಿಸೂಚನೆ. ಅದು ಇನ್ನೂ ಬಂದಿಲ್ಲ.

ಮಳೆಮರ: ಸಗಣಿ ಸಿಗದಿದ್ದರೆ ಹುಳಿ ಮಜ್ಜಿಗೆ, ಬೆಲ್ಲದ ನೀರು ನಡೆಯುತ್ತದಾ?

ಗೊಬ್ಬರಗುಂಡಿ: ನಡೆಯುತ್ತದೆ, ಆದರೆ ಹಸಿ ಹುಲ್ಲು ದುಪ್ಪಟ್ಟು ಹಾಕಿ.