ಮನೆಯ ದಿನನಿತ್ಯದ ಬದುಕನ್ನು ಡಿಜಿಟಲ್ ಪುಟಗಳಲ್ಲಿ ಉಳಿಸುವ ಬಗ್ಗೆ

ತೋಟದಮನೆ (ಬದಿಯಡ್ಕದ ಸಮೀಪ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಅಧ್ಯಾಪಿಕೆಯಾಗಿದ್ದು ಈಗ ನಿವೃತ್ತಳಾಗಿ ಅಡಿಕೆ ತೋಟದ ಮನೆಯಲ್ಲಿದ್ದೇನೆ. ಕಳೆದ ವಿಷುವಿನಿಂದ ದಿನಕ್ಕೊಂದು ಚಿತ್ರವನ್ನು ಫೋನಿನಲ್ಲಿ ತೆಗೆದು, ಅದರ ಕೆಳಗೆ ನಾಲ್ಕು ಸಾಲು ಬರೆದು, ಪುಟ ಪುಟವಾಗಿ ಜೋಡಿಸುತ್ತಿದ್ದೇನೆ. ಮದುವೆ, ಉಪನಯನಗಳ ಚಿತ್ರಗಳು ಎಲ್ಲರ ಮನೆಯಲ್ಲೂ ಇರುತ್ತವೆ. ನಾನು ಉಳಿಸಬೇಕೆಂದಿರುವುದು ಅಡಿಕೆಗೆ ಮದ್ದು ಬಿಟ್ಟ ದಿನವನ್ನು, ಹಲಸಿನಕಾಯಿ ಹಪ್ಪಳ ಒತ್ತಿದ ಮಧ್ಯಾಹ್ನವನ್ನು, ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮಳೆ ಬರುವ ಮೊದಲು ಎಲ್ಲರೂ ಸೇರಿ ಬಾಚಿ ಒಳಗೆ ಹಾಕಿದ ಸಂಜೆಯನ್ನು.

ಈಗ ಮೂರು ತೊಡಕುಗಳು ಎದುರಾಗಿವೆ. ನಮ್ಮ ಅತ್ತೆಯವರು 1984ರಿಂದ, ಅಂದರೆ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷದಿಂದ, ಹಾಲಿನ ಲೆಕ್ಕ, ಕೆಲಸದವರ ಸಂಬಳ, ಮಳೆ, ಬಂದುಹೋದ ನೆಂಟರು ಇವನ್ನೆಲ್ಲ ಬರೆದಿಟ್ಟ ಪುಸ್ತಕಗಳು ಅಟ್ಟದಲ್ಲಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಕೆಲವನ್ನು ಹುಳು ತಿಂದಿದೆ. ಅವುಗಳ ಹಾಳೆಗಳನ್ನೂ ನನ್ನ ಪುಟಗಳೊಂದಿಗೆ ಸೇರಿಸುವ ಆಸೆಯಿದೆ. ಎರಡನೆಯದಾಗಿ, ಪುಟ ಜೋಡಿಸುವ ಆ್ಯಪ್‌ನಲ್ಲಿ ಒತ್ತಕ್ಷರಗಳು ಒಡೆದುಹೋಗುತ್ತವೆ. ‘ಅಕ್ಕ’ ಎಂದು ಬರೆದರೆ ‘ಅಕ್‌ಕ’ ಎಂದು ಕಾಣಿಸುತ್ತದೆ. ಮೂರನೆಯದು ನನ್ನನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ. ನಮ್ಮ ಮನೆಮಾತು ಹವ್ಯಕ. ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆದರೆ ತೆಳ್ಳವು ದೋಸೆಯಾಗುತ್ತದೆ, ಕೊದಿಲು ಸಾಂಬಾರಾಗುತ್ತದೆ, ಮತ್ತು ಓದುವಾಗ ಅದು ನಮ್ಮ ಮನೆಯ ಅಡುಗೆಮನೆ ಎಂದು ಅನ್ನಿಸುವುದೇ ಇಲ್ಲ. ಬೆಂಗಳೂರಿನಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೂ ಅರ್ಥವಾಗಬೇಕಾದರೆ ಯಾವ ಭಾಷೆಯಲ್ಲಿ ಬರೆಯಲಿ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹಳೆಗಂಟು ಬರೆದದ್ದು:

ಟೀಚರ್, ನಿಮ್ಮ ಎರಡನೆಯ ತೊಡಕಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಕ್ಷರದ ವಿಷಯದಲ್ಲಿ ನಾನು ದೊಡ್ಡ ನಷ್ಟವನ್ನು ಅನುಭವಿಸಿದ್ದೇನೆ. 2003ರಲ್ಲಿ ನಮ್ಮ ತಂದೆಯವರ ನೆನಪುಗಳನ್ನು ಚಿತ್ರಗಳ ಜೊತೆಗೆ ಟೈಪ್ ಮಾಡಿ ಸಿಡಿಯಲ್ಲಿ ಹಾಕಿಸಿದ್ದೆ. ಆ ಕಾಲದ ಹೆಚ್ಚಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುದರಿಂದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಒಂದು ಸಾಲೂ ಓದಲಾಗದ ಗೀಟುಗಳು ಕಾಣಿಸಿದವು. ‘ನುಡಿ’ ಮತ್ತು ‘ಬರಹ’ ಎಂಬ ಆ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ, ಅಂದರೆ ಪ್ರತಿ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತಗಳಿರುವ ವ್ಯವಸ್ಥೆಗೆ, ಬದಲಾಯಿಸುವ ಪರಿವರ್ತಕಗಳು ಇವೆಯಾದ್ದರಿಂದ ಬಹುಭಾಗವನ್ನು ಮರಳಿ ಪಡೆದೆ. ಆದರೆ ಚಿತ್ರದ ಮೇಲೆಯೇ ಅಚ್ಚಾಗಿದ್ದ ಬರಹವನ್ನು ಕುಳಿತು ಪುನಃ ಟೈಪ್ ಮಾಡಬೇಕಾಯಿತು, ಮತ್ತು ಮಸುಕಾದ ಕೆಲವು ಹೆಸರುಗಳನ್ನು ಕೇಳಿ ತಿಳಿಯಲು ಅಷ್ಟರಲ್ಲಿ ತಂದೆಯವರು ಇರಲಿಲ್ಲ.

ಈಗ ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ವಿಭಾಗವಿದೆ. ಫೋನಿನಲ್ಲಿ ನೀವು ಬರೆಯುವುದು ಅದೇ ಸಂಕೇತದಲ್ಲಿ. ಆದ್ದರಿಂದ ಒತ್ತಕ್ಷರ ಒಡೆಯುವುದು ನಿಮ್ಮ ಬರವಣಿಗೆಯ ದೋಷವಲ್ಲ. ವ್ಯಂಜನ, ಅದರ ಸ್ವರವನ್ನು ತೆಗೆಯುವ ಹಲಂತದ ಗುರುತು (್), ಮತ್ತೊಂದು ವ್ಯಂಜನ ಎಂದು ಸಾಲಾಗಿ ಬಂದ ಸಂಕೇತಗಳನ್ನು ಸೇರಿಸಿ ಒತ್ತನ್ನು ಕೆಳಗೆ ಇಳಿಸುವ ಕೆಲಸವನ್ನು ಆ ಆ್ಯಪ್ ಮಾಡುತ್ತಿಲ್ಲ. ಅಂಥಲ್ಲಿ ಬರಿಯ ಫಾಂಟ್ ಬದಲಾಯಿಸಿದರೆ ಸಾಮಾನ್ಯವಾಗಿ ಪ್ರಯೋಜನವಾಗುವುದಿಲ್ಲ. ಕಂಪ್ಯೂಟರ್ ಇದ್ದರೆ ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಗಿಂಪ್ ಈ ಮೂರೂ ತಂತ್ರಾಂಶಗಳು ಉಚಿತವಾಗಿವೆ, ಮೂರರಲ್ಲೂ ಕನ್ನಡ ಸರಿಯಾಗಿ ಮೂಡುತ್ತದೆ. ‘ನೋಟೊ ಸೆರಿಫ್ ಕನ್ನಡ’ ಎಂಬ ಫಾಂಟ್ ದಿನಚರಿಯ ಗದ್ಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಶೀರ್ಷಿಕೆಗೆ ‘ಬಾಲೂ ತಮ್ಮ’ ಫಾಂಟ್ ಬಳಸಬಹುದು. ಮುಂದೆ ಮುದ್ರಿಸುವ ಯೋಚನೆಯಿದ್ದರೆ ಎ4 ಪುಟವನ್ನು 2480×3508 ಪಿಕ್ಸೆಲ್‌ಗಳಲ್ಲಿ ಮಾಡಿಕೊಳ್ಳಿ. ಅದು ಇಂಚಿಗೆ 300 ಚುಕ್ಕೆಗಳ ಅಳತೆ.

ಎಲ್ಲಕ್ಕಿಂತ ಮುಖ್ಯವಾಗಿ, ಪುಟ ಎಷ್ಟೇ ಅಂದವಾಗಿದ್ದರೂ ಅದರ ಬರಹವನ್ನು ಪ್ರತ್ಯೇಕವಾದ ಸಾದಾ ಪಠ್ಯ ಕಡತವಾಗಿಯೂ ಇಡಿ. ಚಿತ್ರದ ಕಡತ, ಪುಟದ ಕಡತ, ಬರಹದ ಕಡತ ಮೂರಕ್ಕೂ ಒಂದೇ ಹೆಸರಿರಲಿ, ಮತ್ತು ಆ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುವಾಗಲಿ: 2025-07-20-ಪತ್ರೊಡೆ ಎಂಬಂತೆ. ಹೀಗಿದ್ದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ, ಮತ್ತು ಹತ್ತು ವರ್ಷಗಳ ನಂತರ ‘ಪತ್ರೊಡೆ’ ಎಂದು ಹುಡುಕಿದರೆ ಆ ದಿನ ಸಿಗುತ್ತದೆ.

ಉಪ್ಪಳದಿಂದ ಒಬ್ಬರು ಬರೆದದ್ದು:

ಅತ್ತೆಯವರ ಪುಸ್ತಕಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ತೇವ ಒಳಗೇ ಉಳಿಯುತ್ತದೆ, ಆ ಮೇಲೆ ಬಿಡಿಸಲು ಸಾಧ್ಯವಿಲ್ಲ. ಬೂಷ್ಟು ಹಿಡಿದವುಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೃದುವಾದ ಬ್ರಷ್‌ನಿಂದ ಅಂಗಳದಲ್ಲೇ ಒರಸಿ. ಮಳೆಗಾಲ ಮುಗಿದು ಹವೆ ಒಣಗಿದ ಮೇಲೆ ಈ ಕೆಲಸವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಸ್ಕ್ಯಾನರ್ ಇಲ್ಲದಿದ್ದರೂ ಚಿಂತೆಯಿಲ್ಲ: ಚಾವಡಿಯ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ತೆಗೆದರೆ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಸ್ಕ್ಯಾನರ್ ಇದ್ದರೆ ಬರಹಕ್ಕೆ 300, ಸಣ್ಣ ಫೋಟೊಗಳಿಗೆ 600 ಚುಕ್ಕೆಗಳ ಅಳತೆ ಇರಲಿ. ಆಲ್ಬಮ್ಮಿಗೆ ಅಂಟಿಕೊಂಡ ಹಳೆಯ ಫೋಟೊಗಳನ್ನು ಎಳೆಯಬೇಡಿ, ಇದ್ದಲ್ಲೇ ಚಿತ್ರ ತೆಗೆಯಿರಿ.

ಅಂಗಡಿಯ ಬಿಲ್ಲು, ಬಸ್ಸಿನ ಟಿಕೆಟು ಮುಂತಾದವು ಶಾಖದಿಂದ ಅಚ್ಚಾಗುವ ಕಾಗದದಲ್ಲಿದ್ದರೆ ಬೇಗ ಮಾಸಿಹೋಗುತ್ತವೆ, ಹಾಗಾಗಿ ಅದೇ ದಿನ ಚಿತ್ರ ತೆಗೆದಿಡಿ. ಬೆಂಗಳೂರಿನಿಂದ ಮಕ್ಕಳು ವಾಟ್ಸಾಪ್‌ನಲ್ಲಿ ಫೋಟೊ ಕಳುಹಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಸಾಮಾನ್ಯ ಫೋಟೊವಾಗಿ ಕಳುಹಿಸಿದಾಗ ಗಾತ್ರ ಕುಗ್ಗುತ್ತದೆ, ಚಿತ್ರ ತೆಗೆದ ದಿನಾಂಕದ ಮಾಹಿತಿಯೂ ಅಳಿದುಹೋಗುತ್ತದೆ. ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗವೊಂದನ್ನೇ ನೆಚ್ಚಿಕೊಳ್ಳದೆ ಒಂದು ಪ್ರತಿಯನ್ನು ಮನೆಯ ಹಾರ್ಡ್‌ಡಿಸ್ಕಿನಲ್ಲಿಯೂ ಇನ್ನೊಂದನ್ನು ಬೇರೆ ಊರಿನಲ್ಲಿರುವ ಮಕ್ಕಳ ಬಳಿಯೂ ಇಡಿ. ನಮ್ಮ ಊರಿನ ಸಿಡಿಲು ನಿಮಗೆ ಗೊತ್ತೇ ಇದೆ.

ಪಯಸ್ವಿನಿ_ತೀರ ಬರೆದದ್ದು:

ಟೀಚರ್, ಭಾಷೆಯ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ತುಳು ಮನೆ. ನಾನು ಮೊದಲೆರಡು ವರ್ಷ ನನ್ನ ದಿನಚರಿಯನ್ನು ಶುದ್ಧವಾದ ಗ್ರಾಂಥಿಕ ಕನ್ನಡದಲ್ಲಿಯೇ ಬರೆದೆ, ಮತ್ತು ಈಗ ಅದಕ್ಕಾಗಿ ಮರುಗುತ್ತಿದ್ದೇನೆ. ಅಜ್ಜಿ ಆಡಿದ ಮಾತುಗಳೆಲ್ಲ ನನ್ನ ಮಾತುಗಳಂತೆಯೇ ಕೇಳಿಸುತ್ತವೆ. ಈಗ ಅನುಸರಿಸುವ ಕ್ರಮ ಹೀಗಿದೆ: ನಡೆದ ಸಂಗತಿಯನ್ನು ಕನ್ನಡದಲ್ಲಿ ಬರೆಯುತ್ತೇನೆ; ವಸ್ತು, ತಿಂಡಿ, ಉಪಕರಣ, ತಿಂಗಳು ಇವುಗಳ ಹೆಸರನ್ನು ಮನೆಯಲ್ಲಿ ಕರೆಯುವಂತೆಯೇ ಉಳಿಸುತ್ತೇನೆ; ಯಾರಾದರೂ ಆಡಿದ ಮಾತನ್ನು ಆಡಿದ ಭಾಷೆಯಲ್ಲಿಯೇ ಬರೆದು ಅದರ ಅರ್ಥವನ್ನು ಪುಟದ ಕೆಳಗೆ ಕೊಡುತ್ತೇನೆ. ನಿಮ್ಮ ಮೊಮ್ಮಕ್ಕಳು ತೆಳ್ಳವು ಎಂದರೇನು ಎಂದು ಕೇಳುವಂತಾಗಲಿ. ದೋಸೆ ಎಂದು ಬರೆದರೆ ಅವರು ಕೇಳುವುದೇ ಇಲ್ಲ.

ಆದರೆ ಬರಹ ಮಾತ್ರ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ತುಳುವಿನ ಪದಾಂತ್ಯದಲ್ಲಿ ಬರುವ ಆ ಅರೆ ಉಕಾರವನ್ನು ಕನ್ನಡ ಲಿಪಿಯಲ್ಲಿ ಖಚಿತವಾಗಿ ಸೂಚಿಸಲಾಗುವುದಿಲ್ಲ. ಓದುವವನಿಗೆ ಭಾಷೆ ಮೊದಲೇ ಗೊತ್ತಿರಬೇಕು. (ತುಳು-ತಿಗಳಾರಿ ಲಿಪಿಯೇ 2024ರಲ್ಲಿ ಯೂನಿಕೋಡಿಗೆ ಸೇರಿರುವುದು ಸಂತೋಷದ ಸಂಗತಿ.) ಆದ್ದರಿಂದ ಪುಟಕ್ಕೊಂದು ನಿಮಿಷದ ಧ್ವನಿಮುದ್ರಿಕೆಯನ್ನು ಅದೇ ಹೆಸರಿನ ಕಡತವಾಗಿ ಜೋಡಿಸಿ. ಅತ್ತೆಯವರ ಕೈಗೆ ಹಾಳೆ ಕೊಟ್ಟು ಓದಿಸಿ. ಅವರು ನಡುವೆ ನಿಲ್ಲಿಸಿ ಬೇರೆ ಏನಾದರೂ ಹೇಳತೊಡಗಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ, ಪುಟಕ್ಕೆ ಬೇಕಾದುದು ಅಲ್ಲಿಯೇ ಸಿಗುತ್ತದೆ.

ಇನ್ನೊಂದು ಮಾತು. ಕೆಲಸದವರ, ನೆರೆಮನೆಯ ಮಕ್ಕಳ ಚಿತ್ರಗಳನ್ನು ಅವರನ್ನು ಕೇಳಿಯೇ ಬಳಸಿ. ಸಂಬಳದ ಲೆಕ್ಕವಿರುವ ಹಾಳೆಗಳು ಮನೆಯ ಪ್ರತಿಯಲ್ಲಿ ಮಾತ್ರ ಇರಲಿ.

ತೋಟದಮನೆ ಮರಳಿ ಬರೆದದ್ದು:

ನೀವೆಲ್ಲರೂ ಇಷ್ಟು ವಿವರವಾಗಿ ಬರೆದುದಕ್ಕೆ ಕೃತಜ್ಞಳಾಗಿದ್ದೇನೆ. ಲಿಬ್ರೆಆಫೀಸಿನಲ್ಲಿ ಒತ್ತಕ್ಷರಗಳು ಸರಿಯಾಗಿ ಬಂದವು. ಗಾಳಿಗೆ ಹಾಕಿದ ಪುಸ್ತಕಗಳಲ್ಲಿ ಮೊದಲನೆಯದರಿಂದ, ಅಂದರೆ 1985ರ ಮಾರ್ಚ್ ತಿಂಗಳ ಹಾಳೆಯಿಂದ, ಒಂದು ಪುಟ ಮಾಡಿದೆ. ಆ ಹಾಳೆಯ ಅಂಚಿನಲ್ಲಿ ನಾಲ್ಕೈದು ದಿನಗಳ ಎದುರು ‘ಸಣ್ಣ’ ಎಂಬ ಒಂದೇ ಪದವಿತ್ತು. ಪಕ್ಕದಲ್ಲಿಯೇ ಹಾಲಿನ ಲೆಕ್ಕ ಇದ್ದುದರಿಂದ, ಆ ದಿನಗಳಲ್ಲಿ ದನ ಹಾಲು ಕಡಿಮೆ ಕೊಟ್ಟಿತ್ತು ಎಂದು ಚಿತ್ರದ ಕೆಳಗೆ ಬರೆದುಬಿಟ್ಟಿದ್ದೆ.

ನಿನ್ನೆ ಸಂಜೆ ಅತ್ತೆಯವರಿಗೆ ತೋರಿಸಿ, ಫೋನಿನ ರೆಕಾರ್ಡರ್ ಹಚ್ಚಿಟ್ಟು ಓದಿಸಿದೆ. ಹಾಲಾದರೆ ಎಷ್ಟು ಕುಡ್ತೆ (ಹಾಲಿನ ಅಳತೆ) ಎಂದು ಬರೆಯುತ್ತಿದ್ದೆನಲ್ಲ, ಇದು ಸುರಂಗದ ನೀರು ಎಂದು ಅವರು ತಿದ್ದಿದರು. ಗುಡ್ಡದ ಮುರಕಲ್ಲಿನೊಳಗೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದಿಂದ ನೀರು ಪಂಪಿನ ಹಂಗಿಲ್ಲದೆ ತಾನಾಗಿಯೇ ಹರಿದು ತೊಟ್ಟಿಗೆ ಬೀಳುತ್ತದೆ. ಆ ಧಾರೆ ತೆಳುವಾದ ದಿನಗಳನ್ನು ಅವರು ಗುರುತು ಹಾಕಿಟ್ಟಿದ್ದರು. ಬರಹದ ಕಡತ ಬೇರೆಯಾಗಿದ್ದುದರಿಂದ ತಿದ್ದಲು ಎರಡು ನಿಮಿಷ ಸಾಕಾಯಿತು. ಈಗ ಪ್ರತಿ ವರ್ಷದ ಪುಸ್ತಕದಲ್ಲಿ ‘ಸಣ್ಣ’ ಎಂಬುದು ಮೊದಲು ಕಾಣಿಸುವ ದಿನವನ್ನು ಇಬ್ಬರೂ ಕೂಡಿ ಹುಡುಕಿ ಒಂದು ಪಟ್ಟಿ ಮಾಡುತ್ತಿದ್ದೇವೆ. 1991ರವರೆಗೆ ಬಂದಿದ್ದೇವೆ.