ಆಲ್ಟ್ರೇಷನ್ ಆಗಿರೋ ಸೆಕೆಂಡ್ ಹ್ಯಾಂಡ್ ಕಾರು, ಹೊಸ ಡ್ರೈವರು, ಇನ್ಶೂರೆನ್ಸು: ಗಾಡಿ ಡ್ಯಾಮೇಜು ನೋಡಿ ಇನ್ಶೂರೆನ್ಸ್ ಕಂಪನಿಗೆ ರಿಪೋರ್ಟ್ ಬರೆಯೋ ಸರ್ವೇಯರ್ ಅಣ್ಣಂಗೆ ಕೇಳಿ

ಪ್ರಶ್ನೆ, ಗುಬ್ಬಿ ಕಡೆಯಿಂದ:
ಅಣ್ಣ ನಮಸ್ಕಾರ. ನಂಗೆ ಹೋದ್ ತಿಂಗ್ಳು ಡಿಎಲ್ ಬಂತು, ಮೊದಲ್ನೇ ಗಾಡಿ ಅಂತ ತುಮಕೂರಲ್ಲೇ ಒಬ್ರ ಹತ್ರ ಪೆಟ್ರೋಲ್ ಸ್ವಿಫ್ಟ್ ತಗೊಂಡೆ. ಅವ್ರು ಆಗ್ಲೇ ಮುಂದೆ ಕಬ್ಬಿಣದ ಬಂಪರ್ ಗಾರ್ಡ್ ಹಾಕ್ಸವ್ರೆ, ಗ್ಲಾಸಿಗೆಲ್ಲ ಕಪ್ಪು ಫಿಲ್ಮು, ಸೈಲೆನ್ಸರ್ ಕಿತ್ತು ಸೌಂಡ್ ಬರೋದು ಹಾಕ್ಸವ್ರೆ, ಬಿಳಿ ಗಾಡಿನ ಮ್ಯಾಟ್ ಬ್ಲ್ಯಾಕ್ ಮಾಡ್ಸವ್ರೆ. ಸುಳ್ಳ್ಯಾಕೆ ಹೇಳ್ಲಿ, ಆ ಲುಕ್ ನೋಡ್ಕೊಂಡೇ ತಗೊಂಡಿದ್ದು. ಇನ್ನ ಅಲಾಯ್ ವೀಲು, ಆಂಪ್ಲಿಫೈಯರ್ ಹಾಕ್ಸೋಣ ಅಂತಿದೀನಿ. ನಮ್ಮ ಮಾವ ನೋಡ್ಬಿಟ್ಟು ಇದೇನಾದ್ರೂ ಗುದ್ದಿದ್ರೆ ಇನ್ಶೂರೆನ್ಸಿಂದ ಒಂದ್ರೂಪಾಯೂ ಬರಲ್ಲ ಕಣ್ಲಾ ಅಂತವ್ರೆ. ನಿಜಾನಾ? ಪಾಲಿಸಿ ಇನ್ನೂ ಎಂಟು ತಿಂಗ್ಳು ಐತೆ, ಹಳೇ ಓನರ್ ಹೆಸ್ರಲ್ಲೇ ಐತೆ.

ಉತ್ತರ:
ತಮ್ಮ, ಗಾರ್ಡು ಫಿಲ್ಮು ಎಲ್ಲ ಆಮೇಲೆ. ನೀನು ಸುಮ್ನೆ ಕೊನೇಲಿ ಒಂದು ಮಾತು ಹಾಕಿದೀಯಲ್ಲ, ಪಾಲಿಸಿ ಹಳೇ ಓನರ್ ಹೆಸ್ರಲ್ಲಿದೆ ಅಂತ, ನಂಗೆ ಹೆದ್ರಿಕೆ ಆಗಿದ್ದು ಅದಕ್ಕೆ. ಮೋಟಾರು ವಾಹನ ಕಾಯ್ದೆ 157ನೇ ಸೆಕ್ಷನ್ ಪ್ರಕಾರ ಗಾಡಿ ಕೈ ಬದಲಾದ್ರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಗಾಡಿ ಜೊತೆ ಬರುತ್ತೆ, ಅಂದ್ರೆ ನೀನು ಯಾರಿಗಾದ್ರೂ ಗುದ್ದಿದ್ರೆ ಅವ್ರಿಗೆ ಕೊಡೋ ಭಾಗ. ಆದ್ರೆ ನಿನ್ನ ಗಾಡಿ ರಿಪೇರಿ ದುಡ್ಡು, ನಾವು ಓನ್ ಡ್ಯಾಮೇಜು ಅಂತೀವಲ್ಲ, ಅದು ತಾನಾಗೇ ಬರಲ್ಲ, 14 ದಿನದೊಳ್ಗೆ ಕಂಪನಿಗೆ ಅರ್ಜಿ ಕೊಟ್ಟು ನಿನ್ನ ಹೆಸ್ರಿಗೆ ಮಾಡಿಸ್ಕೋಬೇಕು. ಹಳೇ ಓನರ್‌ದು ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡ್ದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಅವ್ರ ಜೊತೆಗೇ ಹೋಗುತ್ತೆ, ಅದ್ರ ಡಿಫರೆನ್ಸು ನೀನೇ ಕಟ್ಬೇಕು, ಬೈಕೋಬೇಡ. ಆರ್‌ಸಿನೂ ಅಷ್ಟೇ (ಗಾಡಿ ರಿಜಿಸ್ಟ್ರೇಷನ್ ಪತ್ರ), ಓನರ್ ಹೆಸ್ರು ಬದಲಾಯಿಸೋ ಫಾರಂ 29, 30 ಸೈನ್ ಮಾಡಿಸ್ಕೊಂಡು ಬ್ಯಾಗಲ್ಲಿ ಇಟ್ಕೊಂಡ್ರೆ ಆಗಲ್ಲ ಆರ್‌ಟಿಒಗೆ ಕೊಡ್ಬೇಕು. ಆರ್‌ಸಿಲಿ ಯಾರ ಹೆಸ್ರಿದೆಯೋ ಅವ್ರೇ ಓನರ್ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಹಂಗಾಗಿ ಇದು ಮಾರಿದವ್ರ ತಲೆಮೇಲೂ ಇದೆ, ಫೋನ್ ಮಾಡಿ ಹೇಳು, ಅವ್ರೇ ಓಡ್ಬರ್ತಾರೆ.

ಈಗ ಮಾವನ ಮಾತು. ಅರ್ಧ ನಿಜ. ಆಲ್ಟ್ರೇಷನ್ ನೋಡಿ ಕಂಪನಿ ಕ್ಲೇಮಿಗೆ ತಕರಾರು ತೆಗೀಬಹುದು, ಆದ್ರೆ ಇಡೀ ಕ್ಲೇಮ್ ಹೋಗ್ಲೇಬೇಕು ಅಂತೇನಿಲ್ಲ. ಕಂಪನಿಯಿಂದ ಹೆಂಗೆ ಬಂತೋ, ಆರ್‌ಸಿಲಿ ಏನಿದೆಯೋ ಅದನ್ನ ಬದಲಾಯಿಸೋ ಹಂಗಿಲ್ಲ ಅನ್ನುತ್ತೆ 52ನೇ ಸೆಕ್ಷನ್ನು. 2019ರ ಜನವರಿಲಿ ಸುಪ್ರೀಂ ಕೋರ್ಟು ಕೇರಳದ ಒಂದು ಕೇಸಲ್ಲಿ ಅದನ್ನೇ ಗಟ್ಟಿ ಮಾಡ್ತು. ಅದೇ ವರ್ಷ ಕಾಯ್ದೆ ತಿದ್ದಿ ಒಂದೊಂದು ಆಲ್ಟ್ರೇಷನ್‌ಗೂ 5,000 ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಮಾಡಿದ್ರು. ಒಂದೊಂದಕ್ಕೂ ಅನ್ನೋದನ್ನ ಗಮನಿಸು, ನಿನ್ನ ಗಾಡಿಲಿ ಎಣಿಸ್ಕೊಂಡು ಹೋಗು. ಹಳೇ ಓನರ್ ಮಾಡ್ಸಿದ್ದು ಸಾರ್ ಅಂದ್ರೆ ಕ್ಯಾತ್ಸಂದ್ರದ ಹತ್ರ ನಿಂತಿರೋ ಪೊಲೀಸಪ್ಪ ಕೇಳಲ್ಲ, ಓಡಿಸ್ತಿರೋದು ನೀನು.

ಗಾರ್ಡು ಮೊದ್ಲು ಬಿಚ್ಚು. 2017ರ ಡಿಸೆಂಬರ್‌ನಲ್ಲೇ ಕೇಂದ್ರದವ್ರು ಬೇಡ ಅಂತ ಸರ್ಕ್ಯುಲರ್ ಹೊರಡಿಸಿದ್ರು. ದಂಡಕ್ಕೋಸ್ಕರ ಹೇಳ್ತಿಲ್ಲ. ಬಂಪರ್ ಪ್ಲಾಸ್ಟಿಕ್ ಇರೋದೇ ಪೆಟ್ಟು ಬಿದ್ದಾಗ ಅದು ಮುರ್ದು ಒಳಗಿನವ್ರು ಉಳೀಲಿ ಅಂತ, ನೀನು ಕಬ್ಬಿಣಾನ ಸೀದಾ ಚಾಸಿಗೆ ಬೋಲ್ಟ್ ಹಾಕಿದ್ರೆ ಪೆಟ್ಟು ಸೀದಾ ಚಾಸಿಗೆ ಹೋಗುತ್ತೆ, ಏರ್‌ಬ್ಯಾಗು ಹೊತ್ತಿಗೆ ಸರಿಯಾಗಿ ಓಪನ್ ಆಗದೇನೂ ಇರಬಹುದು. ರಸ್ತೇಲಿ ಹೋಗೋವ್ನಿಗೆ ತಗುಲಿದ್ರಂತೂ ಕೇಳೋದೇ ಬೇಡ.

ಫಿಲ್ಮು: ಮುಂದಿನ ಹಿಂದಿನ ಗ್ಲಾಸಲ್ಲಿ ನೂರಕ್ಕೆ 70 ಭಾಗ, ಸೈಡ್ ಗ್ಲಾಸಲ್ಲಿ 50 ಭಾಗ ಬೆಳಕು ದಾಟ್ಬೇಕು, ನಿಂದು ದಾಟಲ್ಲ, ಕಿತ್ತಾಕು. ಹೊಸದಾಗಿ ಓಡಿಸೋವ್ನಿಗೆ ರಾತ್ರಿ ಶಿರಾ ರೋಡಲ್ಲಿ ಸೈಡ್ ಮಿರರೇ ಕಾಣಲ್ಲ ಅದ್ರಲ್ಲಿ. ಸೈಲೆನ್ಸರ್ ಬೇರೆ ಸೆಕ್ಷನ್ನು, ಶಬ್ದ ಮಾಲಿನ್ಯ, ದಂಡ 10,000ದ ತನಕ ಹೋಗುತ್ತೆ, ಲೈಸೆನ್ಸ್ ಮೂರು ತಿಂಗ್ಳು ಅಮಾನತಾಗುತ್ತೆ, ನಿಂದು ಬಂದಿರೋದೇ ಹೋದ್ ತಿಂಗ್ಳು. ಕಲರ್ರು ಉಳಿಸ್ಕೋಬೇಕು ಅಂದ್ರೆ ಆರ್‌ಟಿಒಗೆ ಅರ್ಜಿ ಕೊಟ್ಟು ಆರ್‌ಸಿಲಿ ಬದಲಾಯಿಸ್ಕೋ, ಪೇಪರಲ್ಲಿ ಬಿಳಿ ರಸ್ತೇಲಿ ಕಪ್ಪು ಅಂದ್ರೆ ಕಳ್ತನದ ಗಾಡಿ ಅಂತಾನೇ ಮೊದ್ಲು ಅನುಮಾನ ಬರೋದು.

ಅಲಾಯ್, ಆಂಪ್ಲಿಫೈಯರ್ ಹಾಕ್ಸು, ಬೇಡ ಅನ್ನಲ್ಲ. ವೀಲು ಮಾತ್ರ ಕಂಪನಿಯವ್ರೇ ಟಾಪ್ ಮಾಡೆಲ್‌ಗೆ ಕೊಡೋ ಸೈಜಲ್ಲೇ ಇರ್ಲಿ. ಬಿಲ್ ಇಟ್ಕೊಂಡು ಇನ್ಶೂರೆನ್ಸಲ್ಲಿ ಆಕ್ಸೆಸರಿ ಅಂತ ಸೇರ್ಸು, ಎಲೆಕ್ಟ್ರಿಕಲ್ ಸಾಮಾನಿಗೆ ಸಾಮಾನ್ಯವಾಗಿ ಅದ್ರ ಬೆಲೆಯ 4 ಪರ್ಸೆಂಟು, ಅಂದ್ರೆ 40,000ದ ಸೆಟ್ಟಿಗೆ ವರ್ಷಕ್ಕೆ 1,600 ಮೇಲೆ ಟ್ಯಾಕ್ಸು. ಸೇರ್ಸಿಲ್ಲ ಅಂದ್ರೆ ಸೆಟ್ಟು ಕಳುವಾದಾಗ ಸೆಟ್ಟಿನ ದುಡ್ಡು ಬರಲ್ಲ ಅಷ್ಟೇ, ಗಾಡಿ ಕ್ಲೇಮ್ ನಿಲ್ಲಲ್ಲ. ಆದ್ರೆ ಅದೇ ಸೆಟ್ಟಿನ ವೈರು ಸುಟ್ಟು ಗಾಡಿಗೆ ಬೆಂಕಿ ಹತ್ತಿದ್ರೆ ಕತೆ ಬೇರೆ. ನಾನೊಂದು ಗಾಡಿ ನೋಡಿದ್ದೆ, ರಿಲೇನೂ ಇಲ್ಲ ಫ್ಯೂಸೂ ಇಲ್ಲ, ಹೆಡ್‌ಲೈಟ್ ವೈರನ್ನ ಬ್ಲೇಡಲ್ಲಿ ಹೆರ್ದು ಸುತ್ತಿ ಮೇಲೊಂದು ಟೇಪು. ಬಾನೆಟ್ ಕೆಳಗೆ ಏನೂ ಉಳಿದಿರ್ಲಿಲ್ಲ, ಓನರ್ ಪಕ್ಕದಲ್ಲಿ ನಿಂತು ಸಾರ್ ಹಂಗೇ ಬರೀರಿ ಹಿಂಗೇ ಬರೀರಿ ಅಂತವ್ನೆ, ನಾನು ಕಂಡಿದ್ದು ಬರೀಬೇಕು ಬೇರೆ ದಾರಿ ಇಲ್ಲ.

ಪ್ರಶ್ನೆ, ಕುಣಿಗಲ್ ರೋಡಿಂದ:
ಸಾರ್ ಆಕ್ಸಿಡೆಂಟ್ ಆದ್ಮೇಲೆ ಸರ್ವೇಯರ್ ಬರೋದ್ರೊಳ್ಗೆ ಗಾರ್ಡ್ ಬಿಚ್ಚಿಟ್ಬಿಟ್ರೆ? 😄 ತಮಾಷೆಗೆ ಕೇಳಿದ್ದು

ಉತ್ತರ:
ತಮಾಷೆಗೆ ಅಂತ ನೂರು ಜನ ಕೇಳವ್ರೆ. ಬೋಲ್ಟ್ ಕೂತಿದ್ದ ಜಾಗದಲ್ಲಿ ತುಕ್ಕಿನ ಉಂಗುರ ಇರುತ್ತೆ, ಸುತ್ತ ಪೇಂಟು ಹೊಸದಾಗಿರುತ್ತೆ, ಬಂಪರ್ ಒಂದೇ ಲೈನಲ್ಲಿ ಒಡೆದಿರುತ್ತೆ. ಸ್ಥಳದಲ್ಲಿ ಯಾರೋ ಫೋಟೋ ತೆಗ್ದಿರ್ತಾರೆ, ಪಾಲಿಸಿ ಮಾಡ್ಸೋವಾಗ ಇನ್ಸ್‌ಪೆಕ್ಷನ್ ಆಗಿದ್ರೆ ಅದ್ರ ಫೋಟೋನೂ ಕಂಪನಿ ಹತ್ರ ಇರುತ್ತೆ. ಗಾರ್ಡ್ ಇದ್ದಿದ್ದಕ್ಕೆ ಇಡೀ ಕ್ಲೇಮ್ ಹೋಗ್ಲೇಬೇಕು ಅಂತೇನಿಲ್ಲ, ಅಪಘಾತಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ವಾದ ಮಾಡಬಹುದು, ಕಂಪನಿ ಒಪ್ಪಿಲ್ಲ ಅಂದ್ರೆ ಬೆಂಗಳೂರಲ್ಲಿ ವಿಮೆ ದೂರು ಕೇಳಿ ತೀರ್ಮಾನ ಮಾಡೋ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದಾರೆ, ಒಂದು ವರ್ಷದೊಳ್ಗೆ ದೂರು ಕೊಡ್ಬೇಕು, ಫೀಸಿಲ್ಲ. ಜಿಲ್ಲಾ ಗ್ರಾಹಕರ ಆಯೋಗನೂ ಇದೆ. ಬಿಚ್ಚಿಟ್ಟು ಸುಳ್ಳು ಹೇಳಿ ಸಿಕ್ಕಾಕೊಂಡ್ರೆ ಆ ವಾದಾನೂ ಹೋಯ್ತು.

ಪ್ರಶ್ನೆ, ತಿಪಟೂರಿಂದ ಒಬ್ರು ಅಮ್ಮ:
ಸರ್, ನಮ್ಮ ಕಾರು ನಮ್ಮನೆಯವ್ರ ಹೆಸ್ರಲ್ಲಿದೆ, ಅವ್ರಿಗೆ ಡ್ರೈವಿಂಗ್ ಬರಲ್ಲ, ಓಡ್ಸೋದು ಮಗ. ಈಗಿನ್ನೂ ಲರ್ನರ್ ಲೈಸೆನ್ಸು, ಎಲ್‌ಎಲ್. ಹೊಸಬ ಅಂತ ಪ್ರೀಮಿಯಂ ಜಾಸ್ತಿ ಆಗುತ್ತಾ?

ಉತ್ತರ:
ಇಲ್ಲಮ್ಮ, ನಮ್ಮಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಎಂಜಿನ್ ಸಿಸಿ ಮೇಲೆ, ವಯಸ್ಸಿನ ಮೇಲಲ್ಲ. ಎಲ್‌ಎಲ್‌ನಲ್ಲಿ ಓಡಿಸ್ಬಹುದು, ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರೋರು ಕೂತಿರಬೇಕು, ಹಿಂದೆ ಮುಂದೆ ಕೆಂಪು ಎಲ್ ಬೋರ್ಡ್ ಇರಬೇಕು, ಆಗ ಇನ್ಶೂರೆನ್ಸೂ ನಡೆಯುತ್ತೆ. ಒಬ್ಬನೇ ದೇವರಾಯನದುರ್ಗಕ್ಕೆ ಹೋಗಿ ಬರ್ತೀನಿ ಅಂದ್ರೆ ಕೀ ಕೊಡಬೇಡಿ. ಇನ್ನೊಂದು, ಪಾಲಿಸಿಲಿ ಓನರ್ ಡ್ರೈವರ್‌ಗೆ 15 ಲಕ್ಷದ ಅಪಘಾತ ವಿಮೆ ಅಂತ ಇರುತ್ತೆ, ಅದು ಆರ್‌ಸಿಲಿರೋ ಓನರ್‌ಗೆ ಮಾತ್ರ, ಅದೂ ಅವ್ರಿಗೆ ಲೈಸೆನ್ಸ್ ಇದ್ರೆ. ನಿಮ್ಮನೆಯವ್ರಿಗೆ ಲೈಸೆನ್ಸ್ ಇಲ್ಲ, ಮಗ ಓನರ್ ಅಲ್ಲ, ಅಲ್ಲಿಗೆ ಇಬ್ರಿಗೂ ಇಲ್ಲ. ಆ ದುಡ್ಡು ಕಟ್ಟಿಸ್ಕೊಂಡಿದ್ರೆ ಯಾಕೆ ಅಂತ ಏಜೆಂಟನ್ನ ಕೇಳಿ, ಮಗನ ಹೆಸ್ರಿಗೆ ಬೇರೆ ಅಪಘಾತ ಪಾಲಿಸಿ ಮಾಡ್ಸಿ.

ಗುಬ್ಬಿ ಕಡೆಯವ್ರೇ ಮತ್ತೆ:
ಅಣ್ಣ ಥ್ಯಾಂಕ್ಸ್. ಹಳೇ ಓನರ್‌ಗೆ ಫೋನ್ ಮಾಡ್ದೆ, ಸೋಮವಾರ ಆರ್‌ಟಿಒ ಹತ್ರ ಬತ್ತೀನಿ ಅಂದ್ರು. ತಗೊಂಡು ಇವತ್ತಿಗೆ 11 ದಿನ. ಫಿಲ್ಮ್ ಈಗ್ಲೇ ಕೀಳ್ತಾ ಕೂತಿದೀನಿ, ಅಂಟು ಹೋಗ್ತಾ ಇಲ್ಲ.

ಉತ್ತರ:
ಬಿಸಿಲಲ್ಲಿ ನಿಲ್ಸು, ಸೋಪ್ ನೀರು ಹಾಕು, ಹಿಂದಿನ ಗ್ಲಾಸಲ್ಲಿ ಡಿಫಾಗರ್ ಗೆರೆ, ಅಂದ್ರೆ ಮಂಜು ಹೋಗಿಸೋ ಸಣ್ಣ ವೈರಿನ ಗೆರೆ, ಇದ್ರೆ ಬ್ಲೇಡ್ ಆಡಿಸಬೇಡ. ಸೋಮವಾರ ಆರ್‌ಟಿಒ ಮುಗಿಸ್ಕೊಂಡು ಹಂಗೇ ಇನ್ಶೂರೆನ್ಸ್ ಆಫೀಸಿಗೂ ಹೋಗ್ಬಿಡು, ಇನ್ನ ಮೂರೇ ದಿನ ಇರೋದು.