ಬದುವಿನ ಸಣ್ಣ ನೀಲಿ ಹೂವು ವಿಷ್ಣುಕ್ರಾಂತಿಯೇ? ಕುಂಡದಲ್ಲಿ ಏಕೆ ಬದುಕುತ್ತಿಲ್ಲ?

ಗುಡ್ಡದಂಚು, ಕೊಪ್ಪಳ:
ನಮಸ್ಕಾರ. ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿರುವ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದ ಬದುವಿನಲ್ಲಿ, ಬಂಡೆಗಳ ಸಂದಿನ ಗರಸಿನಲ್ಲಿ (ಸಣ್ಣ ಕಲ್ಲುಮಣ್ಣಿನಲ್ಲಿ), ನೆಲಕ್ಕೆ ಅಂಟಿದಂತೆ ಹರಡುವ ಒಂದು ಸಸ್ಯವಿದೆ. ಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿದರೂ ಇದರ ಬುಡ ಸಾಯುವುದಿಲ್ಲ. ಎರಡು ಮಳೆ ಬಿದ್ದರೆ ಅದೇ ಬುಡದಿಂದ ದಾರದಂತಹ ಕವಲುಗಳು ಮತ್ತೆ ಹೊರಡುತ್ತವೆ. ಹೂವು ಅಂಗಿಯ ಗುಂಡಿಗಿಂತ ಚಿಕ್ಕದು, ತಿಳಿನೀಲಿ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮುದುಡಿರುತ್ತದೆ. ನಮ್ಮ ಅತ್ತೆಯವರು ಇದನ್ನು ವಿಷ್ಣುಕ್ರಾಂತಿ ಎನ್ನುತ್ತಾರೆ. ಆದರೆ ಅದೇ ಹೆಸರು ಹೇಳಿ ನರ್ಸರಿಯಲ್ಲಿ ಕೊಟ್ಟ ಗಿಡದ ಹೂವು ಇದರ ಎರಡರಷ್ಟಿದೆ. ಬದುವಿನ ಗಿಡವನ್ನು ಎರಡು ಬಾರಿ ಕಿತ್ತು ತಂದು ನೆಟ್ಟೆ. ಎರಡೂ ವಾರದೊಳಗೆ ಸತ್ತವು. ತಪ್ಪು ಎಲ್ಲಿ ಆಗುತ್ತಿದೆ?

ಸಸ್ಯಪಾಠ, ಬಳ್ಳಾರಿ:
ನಿಮ್ಮ ಅತ್ತೆಯವರು ಹೇಳಿದ್ದು ಸರಿಯಿರುವಂತಿದೆ. ಇದರ ವೈಜ್ಞಾನಿಕ ಹೆಸರು ಇವಾಲ್ವುಲಸ್ ಅಲ್ಸಿನಾಯ್ಡಿಸ್. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಕನ್ವಾಲ್ವುಲಸ್ ಕುಲದಲ್ಲಿಟ್ಟು (ಕುಲ ಎಂದರೆ ಹತ್ತಿರದ ಸಸ್ಯಗಳ ಗುಂಪು), 1762ರಲ್ಲಿ ಈಗಿನ ಇವಾಲ್ವುಲಸ್ ಕುಲಕ್ಕೆ ಸೇರಿಸಿದರು. ಬಳ್ಳಿಯಂತೆ ಯಾವುದನ್ನೂ ಸುತ್ತಿಕೊಳ್ಳದಿರುವುದು ಈ ಕುಲದ ಲಕ್ಷಣ. ಖಚಿತಪಡಿಸಿಕೊಳ್ಳಲು ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ಹೂವನ್ನು ಭೂತಗನ್ನಡಿಯಲ್ಲಿ ನೋಡಿ: ಹೂವಿನ ನಡುವಿನ ಅಂಡಾಶಯದಿಂದ ಎರಡು ಶಲಾಕೆಗಳು (ಹೆಣ್ಣು ಭಾಗದ ಸಣ್ಣ ಎಳೆಗಳು) ಹೊರಟು, ಪ್ರತಿಯೊಂದೂ ಮತ್ತೆ ಎರಡಾಗಿ ಸೀಳಿರಬೇಕು. ಶಂಖಪುಷ್ಪಿ ಎಂದು ಮಾರುವ ಕನ್ವಾಲ್ವುಲಸ್‌ನಲ್ಲಿ ಶಲಾಕೆ ಒಂದೇ, ಅದರ ತುದಿ ಮಾತ್ರ ಕವಲೊಡೆದಿರುತ್ತದೆ. ಎಲೆಯ ಮೇಲೆ ರೇಷ್ಮೆಯಂತಹ ರೋಮವಿದ್ದು, ಕಾಯಿಯಾದ ಮೇಲೆ ತೊಟ್ಟು ಕೆಳಕ್ಕೆ ಬಾಗಿದ್ದರೆ ಇನ್ನು ಅನುಮಾನ ಬೇಡ. ನರ್ಸರಿಯ ಗಿಡ ಬಹುಶಃ ಬ್ರೆಜಿಲ್ ಮೂಲದ ಇವಾಲ್ವುಲಸ್ ಗ್ಲೊಮೆರೇಟಸ್ ಇರಬೇಕು. ಅಂದವಾದ ಗಿಡವೇ, ಆದರೆ ನಮ್ಮ ಬದುವಿನದಲ್ಲ.

ಎರೆಹೊಲ, ರಾಯಚೂರು:
ಗುರುತಿನ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಬೆಳೆಸುವುದನ್ನು ಹೇಳುತ್ತೇನೆ, ಏಕೆಂದರೆ ನಾನೂ ಮೂರು ಗಿಡ ಕೊಂದ ಮೇಲೆಯೇ ಕಲಿತದ್ದು. ಈ ಸಸ್ಯದ ಜೀವವೆಲ್ಲ ಕಟ್ಟಿಗೆಯಂತಹ ಬುಡದಲ್ಲಿ ಮತ್ತು ಆಳಕ್ಕಿಳಿದ ಬೇರಿನಲ್ಲಿದೆ. ಕಿತ್ತಾಗ ಬೇರು ಬಂಡೆಯ ಸಂದಿನಲ್ಲೇ ಹರಿದು ಉಳಿಯುತ್ತದೆ, ನಿಮ್ಮ ಕೈಗೆ ಬರುವುದು ಮೇಲಿನ ಮೋಟು ಮಾತ್ರ. ಆದ್ದರಿಂದ ಕೀಳಬೇಡಿ, ಬೀಜ ತನ್ನಿ. ಮಳೆಗಾಲ ಮುಗಿಯುವ ಹೊತ್ತಿಗೆ ಮೆಣಸಿನ ಕಾಳಿಗಿಂತ ಸಣ್ಣ ದುಂಡು ಕಾಯಿಗಳು ಕಂದಾಗುತ್ತವೆ. ಅವು ನಾಲ್ಕಾಗಿ ಒಡೆಯುವ ಮೊದಲೇ ಹಾಳೆಯ ಮೇಲೆ ಉದುರಿಸಿಕೊಳ್ಳಿ. ಒಂದು ಕಾಯಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜ. ಸಿಪ್ಪೆ ಗಟ್ಟಿಯಾದ್ದರಿಂದ ನೀರು ಒಳಗೆ ಇಳಿಯುವುದಿಲ್ಲ. ಎರಡು ಮರಳು ಕಾಗದಗಳ ನಡುವೆ ಹಗುರವಾಗಿ ಉಜ್ಜಿ, ಒಂದು ರಾತ್ರಿ ನೆನೆಸಿ, ಉಬ್ಬಿದವನ್ನು ಮಾತ್ರ ಬಿತ್ತಿ.

ಕುಂಡ ಆಳವಾಗಿರಲಿ. ನಾನು ಎರಡು ಪಾಲು ಗರಸಿಗೆ ಒಂದು ಪಾಲು ಮಸಾರಿ ಮಣ್ಣು ಬೆರೆಸುತ್ತೇನೆ. ತಿಪ್ಪೆ ಗೊಬ್ಬರ ಹಾಕಿದರೆ ಎಲೆ ಕೊಬ್ಬಿ ಹೂವು ಕಡಿಮೆಯಾಗುತ್ತದೆ. ನಮ್ಮ ಎರೆ (ಕಪ್ಪು) ಮಣ್ಣನ್ನಂತೂ ತುಂಬಲೇಬೇಡಿ, ನೀರು ಹಿಡಿದು ಬುಡ ಕೊಳೆಯುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಸೀಮೆಯ ಗಿಡವಿದು, ದಿನವೂ ಚೊಂಬು ಹಿಡಿದು ಹೋಗುವ ಪ್ರೀತಿ ಇದಕ್ಕೆ ಆಗಿಬರುವುದಿಲ್ಲ. ಬೆರಳು ಊರಿದಾಗ ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ ನೀರು ಕೊಡಿ. ನೆರಳಿನಲ್ಲಿಟ್ಟರೆ ಹೂವು ಸರಿಯಾಗಿ ಅರಳುವುದಿಲ್ಲ.

ಗುಡ್ಡದಂಚು, ಕೊಪ್ಪಳ:
ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ನೋಡಿದೆ: ಎರಡು ಶಲಾಕೆ, ನಾಲ್ಕು ತುದಿ, ಕೂದಲಿನಷ್ಟು ಸಣ್ಣವು. ದಿನವೂ ಎರಡು ಹೊತ್ತು ನೀರು ಹಾಕಿದ್ದು ನಾನೇ. ಕಾಯಿ ಬಲಿಯುವವರೆಗೆ ಆ ಬದುವಿಗೆ ಕಳೆನಾಶಕ ಹೊಡೆಯಬಾರದೆಂದು ಮನೆಯಲ್ಲಿ ಹೇಳಿದ್ದೇನೆ.